ಮೂರು ಮೂಲೆಯ ತಾಡಪಾಲು

ಬಳ್ಳಾರಿಯಲ್ಲಿ ಕೂತು ದೋಣಿ ಕಟ್ಟುತ್ತೇನೆ ಅಂದರೆ ಜನ ನಗುತ್ತಾರೆ. ಅವರು ನಗುವುದರಲ್ಲಿ ತಪ್ಪೇನೂ ಇಲ್ಲ. ಪಾರ್ವತಿನಗರದ ನಮ್ಮ ಓಣಿಯಲ್ಲಿ ನಲ್ಲಿ ನೀರು ಬಂದ ದಿನವೆಂದರೆ ಹಬ್ಬ. ಕೊಡ, ಬಕೆಟ್ಟು, ಡ್ರಮ್ಮು ಎಲ್ಲ ತುಂಬುವ ತನಕ ಯಾರೂ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಅಂಥ ಕಡೆ ಬಾಡಿಗೆ ಮನೆಯ ಅಂಗಳದಲ್ಲಿ, ತಗಡಿನ ಚಪ್ಪರದ ಕೆಳಗೆ, ನನ್ನ ಹನ್ನೆರಡು ಅಡಿಯ ದೋಣಿ ನಾಲ್ಕು ಕಾಲಿನ ಕಟ್ಟಿಗೆಯ ಅಡ್ಡೆಗಳ ಮೇಲೆ ಕೂತಿತ್ತು. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ, "ಏನ್ರಿ ಸರ, ನಮಗ ಕುಡ್ಯಾಕ ನೀರಿಲ್ಲ, ನೀವು ತೇಲಾಕ ತಯಾರಿ ನಡಸೀರಿ," ಅನ್ನುತ್ತಿದ್ದಳು. "ಮಳಿ ಜೋರು ಬಂದ್ರ ಮೊದಲು ನಿಮ್ಮನ್ನ ಹತ್ತಿಸ್ಕೋತೀನಿ, ತಡೀರಿ," ಅನ್ನುತ್ತಿದ್ದೆ. ಆಕೆ ನಕ್ಕು ಒಳಗೆ ಹೋಗುತ್ತಿದ್ದಳು. ಎಷ್ಟೋ ಸಂಜೆ ನಾನು ಮನುಷ್ಯರ ಜೊತೆ ಆಡಿದ ಮಾತು ಅಷ್ಟೇ ಆಗಿರುತ್ತಿತ್ತು.

ದೋಣಿ ಶುರುವಾದಾಗ ನಾವು ಇಬ್ಬರಿದ್ದೆವು. ನಾನೂ ಗೆಳೆಯನೂ ಹುಡುಗರಿಗೆ ಕೈಕೆಲಸ ಕಲಿಸುವ ಒಂದು ತರಬೇತಿ ಕೇಂದ್ರದಲ್ಲಿ ಮೇಷ್ಟ್ರುಗಳು. ನನ್ನದು ಬಡಗಿ ಕೆಲಸ, ಅವನದು ಫಿಟ್ಟರ್ ಕೆಲಸ. ನಡುವೆ ಒಂದು ಗೋಡೆ. ಅವನು ಕುರುಗೋಡಿನ ಸಾಬರ ಮನೆಯವನು. ಅಜ್ಜನ ಕಾಲದಿಂದ ಬಂಡಿ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವ ಮನೆತನ. ಮಧ್ಯಾಹ್ನ ಅವನ ಬುತ್ತಿ ನಾನು, ನನ್ನ ಬುತ್ತಿ ಅವನು ಉಣ್ಣುವುದು ವಾಡಿಕೆ. ನಾನು ಮದುವೆಯ ಗೊಡವೆಗೆ ಹೋಗದವನು, ನನ್ನ ಅಡುಗೆ ನಾನೇ ಮಾಡಿಕೊಳ್ಳುವವನು. ಅದನ್ನು ತಿನ್ನಲು ಅವನಿಗೆ ನಿಜವಾಗಿ ಸ್ನೇಹವೇ ಬೇಕಿತ್ತು. ಒಂದು ದಿನ ರದ್ದಿ ಅಂಗಡಿಯಲ್ಲಿ ಪರದೇಶದ ಹಳೆಯ ಪತ್ರಿಕೆಯೊಂದು ಸಿಕ್ಕಿತು. ಅದರಲ್ಲಿ ಹಾಯಿದೋಣಿ ಕಟ್ಟುವ ನಕ್ಷೆ ಇತ್ತು, ಇಬ್ಬರು ಕೂರುವಂಥದ್ದು. ನಾವಿಬ್ಬರೂ ಸಮುದ್ರ ಕಂಡವರಲ್ಲ. "ಕಟ್ಟೋಣೇನಲೇ?" ಅಂದ. ನಾನು ಹೂಂ ಅಂದೆ. ನಮ್ಮಂಥವರು ಆ ಪುಟವನ್ನು ಹರಿದು ಗೋಡೆಗೆ ಅಂಟಿಸಿ ಮರೆತುಬಿಡಬೇಕಿತ್ತು. ನಾವು ಕೌಲ್‌ಬಜಾರಿನಲ್ಲಿ ಕೆಡವುತ್ತಿದ್ದ ಒಂದು ಹಳೆಯ ಮನೆಯ ತೇಗದ ತೊಲೆಗಳನ್ನು ಕೊಂಡು ತಂದೆವು.

ಆ ದೋಣಿಗೆ ಮೊಳೆ ಹೊಡೆಯುವ ಬಗೆಯನ್ನು ಹೇಳಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಒಂದು ಹಲಗೆಯ ಅಂಚು ಇನ್ನೊಂದರ ಮೇಲೆ ಹತ್ತುವಂತೆ ಕೂಡಿಸಿ, ಹೊರಗಿನಿಂದ ತಾಮ್ರದ ಮೊಳೆ ಹೊಡೆಯಬೇಕು. ಮೊಳೆಯ ತುದಿ ಒಳಬದಿಗೆ ಮೂಡುವ ಕಡೆ ಒಬ್ಬ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿದಿರಬೇಕು. ಆಗ ತುದಿ ಅದಕ್ಕೆ ಬಡಿದು, ಬಾಗಿ, ಮರದೊಳಗೇ ತಿರುಗಿ ಕಚ್ಚಿಕೊಳ್ಳುತ್ತದೆ. ನಾನು ಹೊರಗೆ ಸುತ್ತಿಗೆ ಹಿಡಿದು, ಅವನು ದೋಣಿಯ ಒಳಗೆ ಕುಕ್ಕರಗಾಲಲ್ಲಿ ಗಟ್ಟಿ ಹಿಡಿದು. ನಡುವೆ ಹಲಗೆ, ಒಬ್ಬರಿಗೊಬ್ಬರು ಕಾಣುವುದಿಲ್ಲ. ಮೊದಲ ದಿನ "ಹಿಡದೀಯೇನು?" "ಹಿಡದೀನಿ" ಎಂದು ಕೂಗಿ ಕೂಗಿ ಗಂಟಲು ಹೋಯಿತು. ಆಮೇಲೆ ಅವನೇ ಒಂದು ದಾರಿ ಕಂಡುಕೊಂಡ. ಗಟ್ಟಿಯಿಂದ ಹಲಗೆಗೆ ಒಳಗಿನಿಂದ ಎರಡು ಸಲ ಬಡಿಯುವುದು. ಟಕ್ ಟಕ್. ಅದರರ್ಥ, ನಾ ಅದೀನಿ, ನೀ ಹೊಡಿ. ಅವನು ಬಡಿದ ಮೇಲೆ ನಾನು ಹೊಡೆಯುವುದು. ತಾಸುಗಟ್ಟಲೆ ಒಂದೂ ಮಾತಿಲ್ಲದೆ ಹಾಗೆ ಕೆಲಸ ಮಾಡುತ್ತಿದ್ದೆವು. ನನ್ನ ಜೀವನದಲ್ಲಿ ನಾನು ಯಾರ ಜೊತೆಯೂ ಅಷ್ಟು ಮಾತಾಡಿದ್ದಿಲ್ಲ.

ಅಷ್ಟರಲ್ಲಿ ಮೈನಿಂಗ್ ಬಂತು. ಗಣಿಗಳು ಮೊದಲೂ ಇದ್ದವು, ಆದರೆ ಆ ವರ್ಷಗಳಲ್ಲಿ ಊರಿಗೆ ಊರೇ ಲಾರಿ ಹತ್ತಿತು. ಟೇಲರ್ ಲಾರಿ ತಗೊಂಡ, ಡಾಕ್ಟರ್ ಲಾರಿ ತಗೊಂಡ, ಕಿರಾಣಿ ಅಂಗಡಿಯವನು ಅಂಗಡಿ ಮುಚ್ಚಿ ಲಾರಿ ತಗೊಂಡ. ಗೆಳೆಯನೂ ತಗೊಂಡ. "ಒಂದು ವಾರ, ಅಷ್ಟೇ ಲೇ. ಗಾಡಿ ಲೈನಿಗೆ ಹಚ್ಚಿ ಬಂದುಬಿಡ್ತೀನಿ," ಅಂದ. ನಾನು ನಂಬಿದೆ, ಹೇಳುವಾಗ ಅವನೂ ನಂಬಿಯೇ ಹೇಳಿದ್ದ. ಒಂದು ಲಾರಿ ನಾಲ್ಕಾಯಿತು, ನಾಲ್ಕು ಎಷ್ಟಾಯಿತೋ. ಕೆಲಸ ಬಿಟ್ಟ. ಮೊದಮೊದಲು ಭಾನುವಾರ ಬಂದು ದೋಣಿಯೊಳಗೆ ಕೂತ. ಒಂದು ಕೈಯಲ್ಲಿ ಗಟ್ಟಿ, ಒಂದು ಕೈಯಲ್ಲಿ ಮೊಬೈಲು. ಎರಡು ಮೊಳೆ ಹೊಡೆಯುವಷ್ಟರಲ್ಲಿ ಎಲ್ಲೋ ಒಂದು ಗಾಡಿಯ ಆಕ್ಸೆಲ್ ಮುರಿದಿರುತ್ತಿತ್ತು. ಆಮೇಲೆ ಬರುವುದೂ ನಿಂತಿತು. ಅವನು ಶ್ರೀಮಂತನಾದದ್ದಕ್ಕೆ ನನಗೆ ಹೊಟ್ಟೆಕಿಚ್ಚಾಗಲಿಲ್ಲ, ನಾನು ಒಬ್ಬನೇ ಆದೆನಲ್ಲ ಅನ್ನುವುದೇ ಸಂಕಟ. ಮಧ್ಯಾಹ್ನ ಬುತ್ತಿ ಬಿಚ್ಚಿ ನನ್ನ ಅಡುಗೆ ನಾನೇ ಉಣ್ಣುವಾಗ ಅದು ಚೆನ್ನಾಗಿ ತಿಳಿಯುತ್ತಿತ್ತು.

ದೋಣಿ ಮಾತ್ರ ಬಿಡಲಿಲ್ಲ. ಐದನೇ ಹಲಗೆಯಿಂದ ನಾನು ಒಬ್ಬನೇ ಹೊಡೆದೆ. ಲಾರಿ ಟ್ಯೂಬಿನ ರಬ್ಬರು ಕತ್ತರಿಸಿ, ಗಟ್ಟಿಯನ್ನು ಒಳಗಡೆ ಹಲಗೆಗೆ ಬಿಗಿಯಾಗಿ ಕಟ್ಟುವುದು. ಇಳಿದು ಹೊರಗೆ ಬಂದು ಒಂದೇಟು ಹಾಕುವುದು. ಮತ್ತೆ ಒಳಗೆ ಹತ್ತಿ, ತುದಿ ಬಾಗಿತೋ ಇಲ್ಲವೋ ನೋಡುವುದು. ಬಾಗಿರುತ್ತಿತ್ತು, ಆದರೆ ಸೊಟ್ಟ. ರಬ್ಬರು ಮನುಷ್ಯನ ಕೈಯ ಹಾಗೆ ಒತ್ತಿ ಹಿಡಿಯುವುದಿಲ್ಲ. ಬಹಳ ದಿನ ನನಗೊಂದು ಚಾಳಿ ಉಳಿದಿತ್ತು. ಸುತ್ತಿಗೆ ಎತ್ತಿ, ಹೊಡೆಯುವ ಮೊದಲು ಒಂದು ಗಳಿಗೆ ತಡೆಯುತ್ತಿದ್ದೆ. ಒಳಗಿನಿಂದ ಟಕ್ ಟಕ್ ಅನ್ನಲಿ ಎಂದು ಕಿವಿ ಕಾಯುತ್ತಿತ್ತು. ಹಾಳು ಕಿವಿಗೆ ಬುದ್ಧಿ ಹೇಳುವುದು ಹೇಗೆ?

ಹಲಗೆ ಮುಗಿದ ಮೇಲೆ ವಾರ್ನಿಷು. ಅದೊಂದು ಬೇರೆಯೇ ರಗಳೆ. ಬೈಪಾಸಿನ ಕಡೆಯಿಂದ ಅದಿರಿನ ಧೂಳು ಹಗಲೆಲ್ಲ ತೇಲಿ ಬರುತ್ತಿತ್ತು. ಒಗೆದ ಬಟ್ಟೆ, ಬೇವಿನ ಎಲೆ, ಉಪ್ಪಿನಕಾಯಿಯ ಜಾಡಿಯ ಮುಚ್ಚಳ ಎಲ್ಲದರ ಮೇಲೂ ಕೆಂಪು. ಹೊನ್ನಿನ ಬಣ್ಣದ ತೇಗಕ್ಕೆ ವಾರ್ನಿಷು ಬಳಿದು ಒಣಗಲು ಬಿಟ್ಟರೆ ಸಂಜೆಗೆ ಅದು ಇಟ್ಟಿಗೆಯ ಬಣ್ಣ. ಹಳೆಯ ಪಂಚೆಗಳ ಪರದೆ ಕಟ್ಟಿದೆ, ನೀರು ಚಿಮುಕಿಸಿದೆ, ಬೈದೆ. ಮರಳುಕಾಗದದಿಂದ ಉಜ್ಜಿ ಮತ್ತೆ ಬಳಿದೆ, ಮತ್ತೆ ಕೆಂಪು. ಕೊನೆಗೆ ಸಾಕು ಅಂತ ಬಿಟ್ಟೆ. ಅವನ ಲಾರಿಗಳ ಧೂಳೇ ಇದ್ದರೂ ಇರಬಹುದು, ದೋಣಿಗೆ ಅವನದು ಅಷ್ಟಾದರೂ ಹತ್ತಲಿ ಅಂದುಕೊಂಡೆ. ಅಂದುಕೊಂಡದ್ದು ಸಿಟ್ಟಿನಲ್ಲಿ.

ಹಾಯಿಗೆ ಬಟ್ಟೆ ಬೇಕಿತ್ತು. ಬಳ್ಳಾರಿಯಲ್ಲಿ ಆಗ ದಪ್ಪ ಬಟ್ಟೆ ಅಂದರೆ ಒಂದೇ, ಲಾರಿಯ ಅದಿರಿಗೆ ಹೊದಿಸುವ ತಾಡಪಾಲು. ಹೊಲಿಯುವವರೆಲ್ಲ ರಾತ್ರಿ ಹಗಲು ಅದನ್ನೇ ಹೊಲಿಯುತ್ತಿದ್ದರು. ನಾನು ಒಬ್ಬನಿಗೆ ಅಳತೆ ಬರೆದು ಕೊಟ್ಟೆ. ಅವನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. "ಮೂರು ಮೂಲಿ ಅದಾವಲ್ರಿ ಸರ. ಇದು ಯಾವ ಗಾಡಿಗ್ರಿ?" ಅಂದ. ದೋಣಿಗೆ ಅಂದೆ. ನನ್ನ ಮುಖ ನೋಡಿ ಆಗಲಿ ಅಂದ. ತರಲು ಹೋದಾಗ ಹಾಯಿ ಚೆನ್ನಾಗಿಯೇ ಬಂದಿತ್ತು, ಸುತ್ತ ಹಿತ್ತಾಳೆಯ ಉಂಗುರ ಬಡಿದಿದ್ದ. ಆದರೆ ಹಿಂದಿನ ಅಂಚಿಗೆ, ನಾನು ಹೇಳದ ಒಂದು ದೊಡ್ಡ ತುಂಡನ್ನು ಜೋಡಿಸಿ ಹೊಲಿದಿದ್ದ. ಇದೇನು ಅಂದರೆ, "ನಾಕನೇ ಮೂಲಿ ರಿ. ನೀವು ಬರೆಯಾಕ ಮರ್ತೀರಿ ಅಂದ್ಕೊಂಡೆ. ಅದಿಲ್ಲಾಂದ್ರ ಆ ಕಡಿಯಿಂದ ಮಾಲೆಲ್ಲ ಹಾರಿ ಹೋಕೈತಿ," ಅಂದ. ಅವನು ಅಷ್ಟು ಪ್ರೀತಿಯಿಂದ, ಎರಡು ಸಾಲು ಹೊಲಿಗೆ ಹಾಕಿ ಕೂಡಿಸಿದ್ದನ್ನು ಕತ್ತರಿಸಲು ನನಗೆ ಮನಸ್ಸಾಗಲಿಲ್ಲ. ಮನೆಗೆ ತಂದು ಆ ತುಂಡನ್ನು ಮಡಚಿ, ದಾರದಿಂದ ಕಟ್ಟಿಟ್ಟೆ.

ದೋಣಿ ಮುಗಿದಾಗ ಶ್ರಾವಣ. ತುಂಗಭದ್ರೆಗೆ ನೀರು ಬಂದಿತ್ತು. ಗೆಳೆಯನಿಗೆ ಫೋನು ಮಾಡಿದೆ. ಮಾಡುವ ಮೊದಲು ಕೈ ತಡೆದದ್ದು ನಿಜ. ಮುಗೀತು, ಸಿರುಗುಪ್ಪದ ಆಚೆ ಹೊಳೆಗೆ ಇಳಿಸಬೇಕು ಅಂದೆ. ಆ ಕಡೆ ಲಾರಿಗಳ ಸದ್ದು. "ಮುಗಿಸೇಬಿಟ್ಟೆ ಅಲ್ಲಲೇ," ಅಂದ. "ನನ್ನ ಗಾಡಿನೇ ಕಳಸ್ತೀನಿ. ನಾನೂ ಬರ್ತೀನಿ. ಮುಂದಿನ ಸೀಟು ನಂದು, ಬ್ಯಾರೇದವ್ರನ್ನ ಕೂರಸ್ಬ್ಯಾಡ." ನನ್ನ ದೋಣಿಯಲ್ಲಿ ಕೂರಲು ಬೇರೆ ಯಾರು ಸಾಲುಗಟ್ಟಿ ನಿಂತಿದ್ದರೋ. ಆದರೂ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಲಾರಿ ಬಂತು. ಡ್ರೈವರು, ಇಬ್ಬರು ಹಮಾಲರು. ಜೊತೆಗೆ ಚೆಂಡುಹೂವಿನ ದೊಡ್ಡ ಹಾರ, ತೆಂಗಿನಕಾಯಿ, ಒಂದು ಚೀಲ ನಿಂಬೆಹಣ್ಣು. ಓನರು ಕಳಿಸಿದ್ದಾರೆ ಅಂದ ಡ್ರೈವರು, ಹೊಸ ಗಾಡಿಗೆ ಏನೇನು ಮಾಡುತ್ತಾರೋ ಎಲ್ಲ ಮಾಡಬೇಕಂತೆ. ಓನರು ಎಲ್ಲಿ ಅಂದೆ. ಕುರುಗೋಡಿನಲ್ಲಿ ಹತ್ತುತ್ತಾರೆ ಅಂದ. ಡ್ರೈವರು ಗಡಿಯ ಆಚೆಯವನು, ಕನ್ನಡದಲ್ಲಿ ತೆಲುಗಿನ ಎಳೆತ. ಹಾರ ಹಿಡಿದು ದೋಣಿಯನ್ನು ಎರಡು ಸುತ್ತು ಸುತ್ತಿ ಬಂದು, "ಮುಖ ಯಾ ಕಡಿಗ್ರಿ ಸಾರ್?" ಅಂದ. ಚೂಪಾದ ಕಡೆ ತೋರಿಸಿದೆ. ಹಾರ ಹಾಕಿ, ಕಾಯಿ ಒಡೆದು, ಚಕ್ರವಿಲ್ಲದ ಗಾಡಿಗೆ ನಿಂಬೆಹಣ್ಣು ಎಲ್ಲಿಡುವುದೆಂದು ತಿಳಿಯದೆ ಚೀಲವನ್ನು ದೋಣಿಯೊಳಗೇ ಇಟ್ಟ. ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ನೋಡಿದಳು. ಅವತ್ತು ನಗಲಿಲ್ಲ, "ಹುಷಾರ್ರಿ," ಅಂದಳು.

ದೋಣಿ ಅಲುಗಬಾರದೆಂದು ನಾನು ಹಿಂದೆ ಅದರ ಒಳಗೇ ಕೂತೆ. ಕುರುಗೋಡಿನ ಬಂಡೆಗುಡ್ಡ ಕಂಡಾಗ ಕತ್ತು ಚಾಚಿ ರಸ್ತೆ ನೋಡತೊಡಗಿದೆ. ಅವನ ಲಾರಿಗಳು ನಿಲ್ಲುವ ಬಯಲಿನ ಮುಂದೆ ಡ್ರೈವರು ನಿಲ್ಲಿಸಿದ. ಗೆಳೆಯ ಬಿಳಿ ಬಟ್ಟೆಯಲ್ಲಿ ಬಂದ, ಕಿವಿಗೆ ಮೊಬೈಲು. ಮಾತಾಡುತ್ತಲೇ ಗಾಲಿಯ ಮೇಲೆ ಕಾಲಿಟ್ಟು ಲಾರಿ ಹತ್ತಿದ. ಹಲಗೆಯ ಮೇಲೆ ಕೈಯಾಡಿಸಿದ. ಒಳಗೆ ಬಗ್ಗಿ, ಮೊಳೆಗಳ ಸಾಲಿನ ಮೇಲೆ ಬೆರಳು ಎಳೆಯುತ್ತ ಮೇಲಕ್ಕೆ ಬಂದ. ಐದನೇ ಹಲಗೆಗೆ ಬೆರಳು ನಿಂತಿತು. ಫೋನನ್ನು ಎದೆಗೆ ಒತ್ತಿ ಹಿಡಿದು, "ಇಲ್ಲಿಂದ ನಾನಿಲ್ಲ," ಅಂದ.

"ಇಲ್ಲ," ಅಂದೆ.

"ಸೊಟ್ಟ ಬಂದಾವು."

"ರಬ್ಬರಿಗೆ ಏನು ಗೊತ್ತಾಗ್ತೈತಿ?" ಅಂದೆ. ದನಿ ನಾನು ಅಂದುಕೊಂಡದ್ದಕ್ಕಿಂತ ಗಡುಸಾಗಿ ಬಂತು. ಅವನು ನನ್ನ ಮುಖ ನೋಡಿದ. ಏನೋ ಹೇಳುವವನಿದ್ದ, ಎದೆಯ ಮೇಲಿನ ಫೋನು ಗುರುಗುಟ್ಟಿತು. "ನೀ ನಡೀಲೇ, ಹಿಂದಿಂದನ ಕಾರು ತಗಂಡು ಬರ್ತೀನಿ. ಒಂದು ತಾಸು," ಅಂದು ಇಳಿದ. ಲಾರಿ ಹೊರಟಿತು. ಒಂದು ವಾರ ಅಂದವನು ಈಗ ಒಂದು ತಾಸು ಅಂದನಲ್ಲ, ಅದೇ ಲಾಭ ಎಂದು ನನಗೆ ನಾನೇ ಹೇಳಿಕೊಂಡೆ.

ಸಿರಿಗೇರಿ ದಾಟಿದ ಮೇಲೆ ಧೂಳು ಕಡಿಮೆಯಾಗಿ ಎರಡೂ ಕಡೆ ಭತ್ತದ ಹಸಿರು. ಸಿರುಗುಪ್ಪದಲ್ಲಿ ಚಹಾ ಕುಡಿದು ಹೊಳೆಯ ದಂಡೆಗೆ ಬಂದೆವು. ಹರಿಗೋಲಿನವರು ನಾಲ್ಕಾರು ಮಂದಿ ಕೈಗೂಡಿಸಿದರು. ದೋಣಿ ಕೆಸರಿನ ಮೇಲೆ ಜಾರುವ ಮುಂಚೆ ಡ್ರೈವರು ಓಡಿಬಂದು ಅದರ ಹೊಟ್ಟೆಯ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟ. ಒಂದೂ ಒಡೆಯಲಿಲ್ಲ. ಕೆಸರಿನಿಂದ ಪುಳಕ್ಕನೆ ಜಾರಿ ನೀರಿಗೆ ಬಿದ್ದು, ದೋಣಿಗಿಂತ ಮೊದಲು ಅವೇ ತೇಲಿ ಹೋದವು. ಹರಿಗೋಲಿನವರು ಬಿದ್ದು ಬಿದ್ದು ನಕ್ಕರು. ಆ ನಗು ನಿಲ್ಲುವ ಮೊದಲೇ ದೋಣಿಯ ಹಲಗೆ ಸಂದುಗಳಿಂದ ನೀರು ಒಳಗೆ ಬರತೊಡಗಿತು. ಬಳ್ಳಾರಿಯ ಬಿಸಿಲಿನಲ್ಲಿ ಅಷ್ಟು ವರ್ಷ ಒಣಗಿದ ಮರ, ಬಾರದೇ ಇದ್ದೀತೇ? ಅಂಚಿನ ತನಕ ಮುಳುಗಿ ಕೂತಿತು. ಡ್ರೈವರು ತಲೆಯ ಮೇಲೆ ಕೈಯಿಟ್ಟುಕೊಂಡ. ಏನೂ ಆಗಿಲ್ಲ, ಮರ ನೀರು ಕುಡಿಯಲಿ, ಉಬ್ಬಿ ತಾನೇ ಸಂದು ಮುಚ್ಚಿಕೊಳ್ಳುತ್ತದೆ, ಆಮೇಲೆ ನೀರು ಎತ್ತಿ ಹಾಕಿದರಾಯಿತು ಅಂದೆ. ಒಳಗೊಳಗೆ ನನಗೂ ಅದು ಬೇಕಾಗಿತ್ತು. ಕಾಯಲು ಒಂದು ನೆಪ ಸಿಕ್ಕಿತಲ್ಲ.

ಕಾದೆವು. ಹರಿಗೋಲಿನವರು ಹೋದರು. ಹಮಾಲರು ಲಾರಿಯ ಕೆಳಗೆ ಮಲಗಿದರು. ರಸ್ತೆಯ ಕಡೆ ಧೂಳೆದ್ದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ. ಟ್ರ್ಯಾಕ್ಟರ್ ಬಂತು, ಎಮ್ಮೆಗಳು ಬಂದವು. ಫೋನು ಹಚ್ಚಿದರೆ ಅವನದು ಬಿಜಿ, ಮತ್ತೆ ಹಚ್ಚಿದರೆ ಬಿಜಿ. ಮಧ್ಯಾಹ್ನ ಕಳೆದು ನೀರು ಎತ್ತಿ ಹಾಕಿ ನೋಡಿದರೆ ದೋಣಿ ಒಂದು ಹನಿಯೂ ಸೋರಲಿಲ್ಲ. ಆ ಸೊಟ್ಟ ಮೊಳೆಗಳೂ ಗಟ್ಟಿಯಾಗಿ ಕಚ್ಚಿ ಹಿಡಿದಿದ್ದವು. ಅದನ್ನು ಯಾರಿಗಾದರೂ ತೋರಿಸಬೇಕೆನಿಸಿತು. ಡ್ರೈವರನನ್ನು ಕರೆದು ತೋರಿಸಿದೆ, ಅವನು ತನ್ನ ತೆಲುಗಿನಲ್ಲೇ "ಬಾಗುಂದಿ ಸಾರ್," ಎಂದು ಮೆಚ್ಚಿದ. ಪಡುವಣ ಗಾಳಿ ಎದ್ದಿತ್ತು. ಹೊತ್ತು ಇಳಿದರೆ ಅದೂ ನಿಲ್ಲುತ್ತದೆ, ಡ್ರೈವರನಿಗೂ ಗಾಡಿ ತಿರುಗಿಸಿಕೊಂಡು ಹೋಗಬೇಕು. ಇನ್ನು ಕಾಯುವಂತಿರಲಿಲ್ಲ.

ನಕ್ಷೆಯ ದೋಣಿ ಇಬ್ಬರದು. ಹಿಂದೆ ಚುಕ್ಕಾಣಿ ಹಿಡಿದು ನಾನೊಬ್ಬನೇ ಕೂತರೆ ಮೂತಿ ಮೇಲಕ್ಕೇಳುತ್ತಿತ್ತು. ಮುಂದೆ ಭಾರ ಬೇಕು. ಲಾರಿಯ ಮೂಲೆಗಳಲ್ಲಿ ಉಳಿದಿದ್ದ ಅದಿರಿನ ಹೆಂಟೆಗಳನ್ನು ಡ್ರೈವರು ಗೋರಿ ಕೆಳಗೆ ಹಾಕಿದ. ನಿಂಬೆಹಣ್ಣಿನ ಚೀಲ ಖಾಲಿ ಮಾಡಿ ಅದಕ್ಕೆ ತುಂಬಿ, ಮುಂದಿನ ಸೀಟಿನ ಮೇಲೆ ಇಟ್ಟು ಕಟ್ಟಿದೆ. ಸುಮಾರು ಅವನಷ್ಟೇ ಭಾರವಿತ್ತು. ಮಿಕ್ಕ ಹೆಂಟೆಗಳು ದಂಡೆಯ ಮೇಲೆ ಬಿದ್ದಿದ್ದವು. ಕಂಬ ನಿಲ್ಲಿಸಿ ಹಾಯಿ ಏರಿಸಿದೆ. ಮೊಬೈಲು ಒದ್ದೆಯಾದೀತೆಂದು ಲಾರಿಯಲ್ಲೇ ಬಿಟ್ಟೆ. ಡ್ರೈವರು ದೂಡಿದ.

ಹಾಯಿ ತುಂಬಿಕೊಂಡಾಗ ದೋಣಿ ಮೊದಲು ಒಂದು ಸಲ ನಡುಗಿತು, ಆಮೇಲೆ ತನ್ನ ಪಾಡಿಗೆ ಹೊರಟಿತು. ಇಂಜಿನ್ನಿಲ್ಲ, ಹುಟ್ಟಿಲ್ಲ, ಯಾರೂ ದೂಡುತ್ತಿಲ್ಲ. ಚುಕ್ಕಾಣಿಯಲ್ಲಿ ನೀರಿನ ಎಳೆತ ಕೈಗೆ ತಾಗುತ್ತಿತ್ತು. ನಾನು ನಕ್ಕೆ, ಗಟ್ಟಿಯಾಗಿಯೇ ನಕ್ಕೆ. ನಕ್ಕು ಮುಂದಿನ ಸೀಟಿನ ಕಡೆ ನೋಡಿದರೆ ಅಲ್ಲಿ ಚೀಲ. ಅಷ್ಟು ಸಂತೋಷವನ್ನು ಒಬ್ಬನೇ ಇಟ್ಟುಕೊಂಡು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ನಡುಹೊಳೆಗೆ ಹೋದಾಗ ಗಾಳಿ ಇನ್ನೂ ಜೋರಾಗಿ, ಮಡಚಿ ಕಟ್ಟಿದ್ದ ಆ ನಾಲ್ಕನೇ ಮೂಲೆಯ ದಾರ ಹರಿಯಿತು. ತುಂಡು ಬಿಚ್ಚಿಕೊಂಡು, ಹಿತ್ತಾಳೆಯ ಉಂಗುರಗಳ ಸಮೇತ, ನನ್ನ ಕಿವಿಯ ಪಕ್ಕದಲ್ಲೇ ಪಟಪಟ ಪಟಪಟ ಬಡಿಯತೊಡಗಿತು. ಹಿಡಿಯೋಣವೆಂದರೆ ಚುಕ್ಕಾಣಿ ಬಿಡುವಂತಿಲ್ಲ. ಮುಂದೆ ಒಬ್ಬ ಇದ್ದಿದ್ದರೆ ಹಿಡಿಯುತ್ತಿದ್ದ.

ಯಾಕೋ ಒಮ್ಮೆ ಹಿಂದಕ್ಕೆ ನೋಡಿದೆ. ದೂರ ದಂಡೆಯಲ್ಲಿ, ಲಾರಿಯ ಪಕ್ಕ ಬಿಳಿ ಕಾರು. ನೀರಿನ ಅಂಚಿನಲ್ಲಿ ಬಿಳಿ ಬಟ್ಟೆಯವನೊಬ್ಬ. ಮುಖ ಕಾಣದಿದ್ದರೂ ನಿಂತ ಭಂಗಿ ಅವನದೇ. ತಿರುಗಿಸಲು ನೋಡಿದೆ. ಗಾಳಿಯೂ ಹೊಳೆಯೂ ಒಂದೇ ಕಡೆ ಎಳೆಯುತ್ತಿದ್ದವು, ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಆ ಹಳೆಯ ಪತ್ರಿಕೆಯ ಎರಡು ಪುಟದ್ದು. ದೋಣಿ ಅಡ್ಡ ತಿರುಗಿ ಮಗುಚುವಂತಾಗಿ ಮತ್ತೆ ನೆಟ್ಟಗೆ ಮಾಡಿಕೊಂಡೆ. ಕೈ ಎತ್ತಲೂ ಆಗಲಿಲ್ಲ. ಮತ್ತೆ ನೋಡುವಷ್ಟರಲ್ಲಿ ಹೊಳೆ ತಿರುಗಿತು, ದಂಡೆ ಮರೆಯಾಯಿತು.

ಬಹಳ ಕೆಳಗೆ, ಭತ್ತದ ಗದ್ದೆಗೆ ನೀರೆತ್ತುವ ಮೋಟರಿನ ಹತ್ತಿರ ದಡ ಸಿಕ್ಕಿತು. ದೋಣಿಯನ್ನು ಜಾಲಿಗೆ ಕಟ್ಟಿ, ಬದುವಿನ ಮೇಲೆ ಜೋರಾಗಿ ನಡೆದೆ, ಕೆಲವು ಕಡೆ ಓಡಿದೆ. ಬಂದಾಗ ಬೆಳಕು ಕೆಂಪಾಗಿತ್ತು. ಲಾರಿ ಇತ್ತು, ಕಾರು ಇರಲಿಲ್ಲ.

"ಓನರು ಬಂದಿದ್ರು ಸಾರ್," ಅಂದ ಡ್ರೈವರು. "ಬೂಟು ತೆಗದು ಮೊಣಕಾಲ ಮಟ ನೀರಾಗ ಇಳದ್ರು. ಬಹಳೊತ್ತು ನಿಂತಿದ್ರು. ಆಮ್ಯಾಲ ಫೋನ್ ಬಂತು, ರೋಡಿನ್ಯಾಗ ಎಲ್ಲೋ ಗಾಡಿ ಪಲ್ಟಿ ಆಗೈತಂತ. ಹ್ವಾದ್ರು."

"ಏನಾರ ಹೇಳಿದ್ರೇನು?"

"ಏನಿಲ್ಲ ಸಾರ್. ಕೂಗ್ರಿ ಅಂದೆ, ಕೂಗಲಿಲ್ಲ. ಇವನ್ನ ತಗಂಡು ಬಡದ್ರು." ದಂಡೆಯ ಮೇಲೆ ಜೋಡಿಸಿಟ್ಟಿದ್ದ ಎರಡು ಅದಿರಿನ ಹೆಂಟೆಗಳನ್ನು ತೋರಿಸಿದ. ಚೀಲಕ್ಕೆ ತುಂಬಿ ಮಿಕ್ಕಿದ್ದವು. "ಎರಡು ಸಲ ಬಡಿಯೋದು, ಸುಮ್ನೆ ನಿಂತು ನಿಮ್ಮ ಕಡಿ ನೋಡೋದು. ಮತ್ತ ಎರಡು ಸಲ. ನೀವು ತಿರುಗತೀರಿ ಅಂತ ನಾನೂ ನೋಡಿದೆ."

ನಾನು ಹೆಂಟೆಗಳನ್ನು ಎತ್ತಿಕೊಂಡೆ. ಅಂಗೈ ಕೆಂಪಾಯಿತು. ನನ್ನ ಕಿವಿಯಲ್ಲಿ ಇನ್ನೂ ಆ ತಾಡಪಾಲಿನ ಪಟಪಟವೇ ಉಳಿದಿತ್ತು. ನೀರಿನ ಅಂಚಿನಲ್ಲಿ ಬರಿಗಾಲಿನ ಹೆಜ್ಜೆಗಳು ಹೊಳೆಯೊಳಕ್ಕೆ ಹೋಗಿದ್ದವು, ಅವು ಆಗಲೇ ಅರ್ಧ ಅಳಿಸಿದ್ದವು.

"ಹಂಗ ಬಡದ್ರ ಏನು ಸಾರ್ ಅದು?" ಅಂದ ಡ್ರೈವರು.

"ನಾ ಅದೀನಿ ಅಂತ," ಅಂದೆ.

ಅವನು ತಲೆಯಾಡಿಸಿ, ಹಮಾಲರನ್ನು ಎಬ್ಬಿಸಲು ಲಾರಿಯ ಕಡೆ ಹೋದ.